ಹಳೆಯ ಲಾರಿಯ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂದೊಡನೆ ನಮ್ಮವರ ಮನಸ್ಸಿಗೆ ತೋರುವುದು ಶಿಥಿಲವಾದ ದೇವಾಲಯ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ತೆಗೆದು ಹೊಸದನ್ನಿಡಬೇಕು ಎಂಬುದನ್ನು ಆಗಮಗ್ರಂಥಗಳು ಪ್ರತ್ಯೇಕವಾಗಿಯೇ ವಿಚಾರಮಾಡಿರುವುವು. ಕಲ್ಲಿನ ವಿಷಯದಲ್ಲಿ ಹುಟ್ಟಿದ ಈ ಪ್ರಶ್ನೆಯು ಕಬ್ಬಿಣದ ವಿಷಯದಲ್ಲಿಯೂ ಹುಟ್ಟುವುದುಂಟು. ನೂರು ವರ್ಷದ ಲಾರಿಯೊಂದನ್ನು ಮನೆಗೆ ತಂದು, ಬಿಡುವಿನ ವೇಳೆಯಲ್ಲಿ ಬಿಚ್ಚಿ, ತುಕ್ಕು ಕಳೆದು, ಮರಳಿ ಜೋಡಿಸಿ ಓಡಿಸುವವರು ಅಮೆರಿಕಾ ದೇಶದಲ್ಲಿ ಅನೇಕರಿರುವರು. ಅದು ಕಾರ್ಖಾನೆಯಿಂದ ಹೊರಟಂತೆಯೇ ಇರಬೇಕೆಂಬುದು ಅವರಲ್ಲಿ ಕೆಲವರ ಮತ. ತಮ್ಮ ಇಚ್ಛೆಗೆ ತಕ್ಕಂತೆ ಮಾರ್ಪಡಿಸಿದರೆ ದೋಷವೇನು ಎಂಬುದು ಉಳಿದವರ ಮತ. ಈ ವಿವಾದದ ಉತ್ತರವನ್ನು ಲಾರಿಯ ಚರಿತ್ರೆಯಲ್ಲಿಯೇ ಹುಡುಕುವುದು ಯುಕ್ತವಾಗಿದೆ.

ಹೆನ್ರಿ ಫೋರ್ಡನ ‘ಮಾಡೆಲ್ ಟಿ’ ಎಂಬ ಮೋಟಾರುಗಾಡಿಯು 1908ರಲ್ಲಿ ಹೊರಬಂದಿತು. 1927ರಲ್ಲಿ ಅದರ ತಯಾರಿಕೆ ನಿಲ್ಲುವ ವೇಳೆಗೆ ಒಂದೂವರೆ ಕೋಟಿಗೂ ಮಿಕ್ಕಿ ಗಾಡಿಗಳಾಗಿದ್ದುವು. ಅಗ್ಗವಾಗಿಯೂ ಸರಳವಾಗಿಯೂ ಇದ್ದುದರಿಂದ ರೈತರು ಇದನ್ನು ಸವಾರಿಗೆ ಮಾತ್ರವೇ ಬಳಸದೆ, ಹಿಂಭಾಗವನ್ನು ತೆಗೆದು ಹಲಗೆ ಹೊಡೆದು ಸಾಮಾನು ಸಾಗಿಸಿದರು. ಹಿಂದಿನ ಗಾಲಿಗೆ ಪಟ್ಟಿ ಹಾಕಿ ಗರಗಸವನ್ನು ತಿರುಗಿಸಿದರು. ಕಾರನ್ನು ಲಾರಿಯಾಗಿ ಉದ್ದಮಾಡುವ ಸಾಮಗ್ರಿಯನ್ನು ಬೇರೆ ವರ್ತಕರು ಮಾರತೊಡಗಿದರು. ಜನರು ತಾವಾಗಿಯೇ ಮಾಡಿಕೊಳ್ಳುತ್ತಿದ್ದುದನ್ನು ಕಾರ್ಖಾನೆಯವರು ಅನುಸರಿಸಿದುದು ಆಮೇಲೆ. 1917ರಲ್ಲಿ ‘ಟಿಟಿ’ ಎಂಬ ಒಂದು ಟನ್ನಿನ ಲಾರಿಯು ಬಂದಿತು. ಕಾರಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ಅಂತರ 100 ಅಂಗುಲವಾದರೆ ಇದರಲ್ಲಿ 124 ಅಂಗುಲ; ಹಿಂದಿನ ಅಚ್ಚು ಹೆಚ್ಚು ಬಲವಾದುದು; ಆದರೆ ಎಂಜಿನು ಕಾರಿನದೇ, 20 ಅಶ್ವಶಕ್ತಿಯದು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಮೊದಲ ವರ್ಷಗಳಲ್ಲಿ ಈ ಲಾರಿಯು ಚಾಸಿಯ ರೂಪದಲ್ಲಿ ಮಾತ್ರವೇ ಮಾರಾಟವಾಗುತ್ತಿದ್ದಿತು. ಎಂಜಿನು, ಚೌಕಟ್ಟು, ಗಾಲಿಗಳಷ್ಟೇ ಕಾರ್ಖಾನೆಯವು. ಚಾಲಕನ ಗೂಡನ್ನೂ ಸಾಮಾನಿನ ತೊಟ್ಟಿಯನ್ನೂ ಕೊಂಡವನೇ ಕಟ್ಟಿಕೊಳ್ಳಬೇಕು, ಇಲ್ಲವೆ ಬಾಡಿ ಕಟ್ಟುವವರಿಂದ ಕಟ್ಟಿಸಿಕೊಳ್ಳಬೇಕು. ಚಾಸಿಯನ್ನು ಕೊಂಡು ಬಾಡಿಯನ್ನು ಬೇರೆಡೆ ಕಟ್ಟಿಸುವ ಈ ರೂಢಿಯು ನಮ್ಮ ದೇಶದ ಲಾರಿಗಳಲ್ಲಿಯೂ ಬಹುಕಾಲದಿಂದ ಕಂಡುಬಂದಿದೆ. ಹಾಲಿನವನ ಲಾರಿ ಒಂದು ಬಗೆ, ಸೌದೆಯವನದು ಇನ್ನೊಂದು ಬಗೆ. ಹೀಗಿರುವಲ್ಲಿ, ‘ಮೂಲಸ್ವರೂಪದ ಬಾಡಿ’ ಎಂದು ಹಟಹಿಡಿಯುವವನು ಯಾವುದನ್ನು ಮೂಲವೆನ್ನಬೇಕು? ಹುಟ್ಟುವಾಗಲೇ ಅರ್ಧವನ್ನು ಒಡೆಯನ ಕೈಗೆ ಒಪ್ಪಿಸಿದ ಯಂತ್ರವಿದು. ಇಂದಿನ ಒಡೆಯನು ಕೊಳೆತ ಹಲಗೆಗಳನ್ನು ತೆಗೆದು ತನಗೆ ಬೇಕಾದಂತೆ ಹೊಸ ತೊಟ್ಟಿಯನ್ನು ಕಟ್ಟಿದರೆ, ಅದು ಮೊದಲ ಒಡೆಯನು ಮಾಡಿದ ಕೆಲಸದ ಮುಂದುವರಿಕೆಯೇ ಹೊರತು ಅಪಚಾರವಲ್ಲ.

ಆದರೆ ಈ ಸ್ವಾತಂತ್ರ್ಯಕ್ಕೆ ಒಂದು ಎಲ್ಲೆಯಿದೆ. ಯಂತ್ರಭಾಗವು ಬಾಡಿಯಂತಲ್ಲ, ಅದರ ಒಂದು ಅಂಗವನ್ನು ಮುಟ್ಟಿದರೆ ಇನ್ನೊಂದಕ್ಕೆ ತಾಗುತ್ತದೆ. ಪೆಟ್ರೋಲು ಆಸನದ ಕೆಳಗಣ ತೊಟ್ಟಿಯಿಂದ ಪಂಪಿನ ಸಹಾಯವಿಲ್ಲದೆ ತಾನಾಗಿಯೇ ಇಳಿದು ಎಂಜಿನಿಗೆ ಬರುವುದು. ಕಡಿದಾದ ಏರಿನಲ್ಲಿ ಪೆಟ್ರೋಲು ಕಡಿಮೆಯಿದ್ದರೆ ಅದು ಇಳಿಯದು. ಆದುದರಿಂದಲೇ ಅಂದಿನವರು ಗುಡ್ಡವನ್ನು ಹಿಮ್ಮುಖವಾಗಿ ಹತ್ತುತ್ತಿದ್ದರು. ಕಾಲಿನ ಬ್ರೇಕು ಗಾಲಿಗಳನ್ನು ಹಿಡಿಯದೆ ಗಿಯರು ಪೆಟ್ಟಿಗೆಯೊಳಗೆ ಹಿಡಿಯುವುದು. ಹೆಚ್ಚು ಬಲ ಬೇಕೆಂದು ಅದರ ಹಿಂದೆ ಇನ್ನೊಂದು ಗಿಯರು ಪೆಟ್ಟಿಗೆಯನ್ನು ಸೇರಿಸುವುದುಂಟು. ಇಳಿಜಾರಿನಲ್ಲಿ ಆ ಹೊಸ ಗಿಯರು ಜಾರಿ ನಡುವೆ ನಿಂತಿತೆಂದರೆ ಎಂಜಿನಿಗೂ ಗಾಲಿಗೂ ಸಂಬಂಧ ತಪ್ಪಿ, ಕಾಲಿನ ಬ್ರೇಕು ಇದ್ದೂ ಇಲ್ಲದಂತಾಗುವುದು. ಗಾಲಿಗಳನ್ನೇ ಹಿಡಿಯುವ ಬೇರೆ ಬ್ರೇಕುಗಳನ್ನು ಮೊದಲು ಜೋಡಿಸದೆ ಈ ಕಾರ್ಯಕ್ಕೆ ಕೈಹಾಕಿದವನು ಪ್ರಾಣವನ್ನೇ ಪಣವಾಗಿಟ್ಟಂತೆ. ಮಾರ್ಪಡಿಸುವ ಅಧಿಕಾರವು ಬರುವುದು ಹಣದಿಂದಲ್ಲ, ಮೂಲದ ಜ್ಞಾನದಿಂದ.

ಎರಡನೆಯ ಎಲ್ಲೆಯು ಸಾಕ್ಷ್ಯದ್ದು. ದುಡಿಯುವ ಗಾಡಿಯನ್ನು ಯಾರೂ ಒಡವೆಯಂತೆ ಕಾಪಾಡುವುದಿಲ್ಲ. ಸವೆಯುವವರೆಗೆ ದುಡಿಸಿ ಎಸೆಯುವರು. ಎರಡನೆಯ ಮಹಾಯುದ್ಧದಲ್ಲಿ ನಡೆದ ಹಳೆಯ ಕಬ್ಬಿಣದ ಸಂಗ್ರಹಕ್ಕೆ ಸಂದ ವಾಹನಗಳೂ ಕಡಿಮೆಯಲ್ಲ. ಉಳಿದ ಲಾರಿಯಲ್ಲಿ ಹಳೆಯ ಬಣ್ಣದ ಪದರ, ಅಳಿಸಿಹೋಗುತ್ತಿರುವ ಅಂಗಡಿಯ ಹೆಸರು, ಹಳ್ಳಿಯ ಕಮ್ಮಾರನು ಹಾಕಿದ ತೇಪೆ, ಇವೆಲ್ಲವೂ ಶಾಸನದ ಅಕ್ಷರಗಳಿದ್ದಂತೆ. ಹೊಳಪಿನ ಆಸೆಯಿಂದ ಇವನ್ನು ಉಜ್ಜಿಹಾಕಿದರೆ ಮರಳಿ ಬರೆಯುವವರಿಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದಿನ ಆಶಯವೂ ಇದೇ: ಹೊಸದಾಗಿ ಮಾಡುವ ಮಾರ್ಪಾಟು ಮತ್ತೆ ಬಿಚ್ಚಲು ಬರುವಂತಿರಬೇಕು, ಮಾಡಿದ ಕೆಲಸಕ್ಕೆ ದಾಖಲೆಯಿರಬೇಕು.

ಆದಕಾರಣ ಮನೆಯ ಕೊಟ್ಟಿಗೆಯಲ್ಲಿ ಈ ಕೆಲಸಕ್ಕೆ ಕುಳಿತವನು ಬಿಚ್ಚುವ ಮುನ್ನ ಚಿತ್ರ ತೆಗೆದಿಡಲಿ. ತೆಗೆದ ಭಾಗವನ್ನು ಎಸೆಯದಿರಲಿ. ಚೌಕಟ್ಟನ್ನು ಕೊಯ್ಯುವುದಕ್ಕಿಂತ ಮೊಳೆ ತಿರುಪುಗಳಿಂದ ಜೋಡಿಸುವುದನ್ನೇ ಆರಿಸಿಕೊಳ್ಳಲಿ. ಹಲಗೆಯನ್ನು ತನ್ನಿಚ್ಛೆಯಂತೆ ಕಟ್ಟಲಿ. ಅವನು ಆ ಲಾರಿಯ ಮೊದಲ ಒಡೆಯನಲ್ಲ, ಕಡೆಯವನೂ ಆಗಬೇಕಾಗಿಲ್ಲ.