ಹಕ್ಕು ಬೆಳೆಯಿತು, ಅನುದಾನ ನಿಂತಿತು



ಇಂಗ್ಲೆಂಡಿನಲ್ಲಿ ದುಡಿಯುವ ನಾವು ಇಲ್ಲಿನ ಶಾಲೆಗಳನ್ನು ಮೆಚ್ಚುತ್ತೇವೆ. ಆದರೆ 1971ರ ಏಪ್ರಿಲ್‌ವರೆಗೆ ಇದೇ ದೇಶ ತೀವ್ರ ಬೌದ್ಧಿಕ ಅಂಗವೈಕಲ್ಯವುಳ್ಳ ಮಕ್ಕಳನ್ನು ‘ಶಾಲೆಯಲ್ಲಿ ಕಲಿಸಲಾಗದವರು’ ಎಂದು ಹೊರಗಿಡುತ್ತಿತ್ತು. ಅವರ ಹೊಣೆ ಆರೋಗ್ಯ ಇಲಾಖೆಯದು. ಕೆಲವರು ತರಬೇತಿ ಕೇಂದ್ರಗಳಲ್ಲಿ, ಕೆಲವರು ಆಸ್ಪತ್ರೆಗಳಲ್ಲಿ ಬೆಳೆದರು. 1970ರ ಕಾಯ್ದೆ ಆ ಹಣೆಪಟ್ಟಿ ಕಿತ್ತುಹಾಕಿ ಅವರನ್ನು ಶಿಕ್ಷಣ ಇಲಾಖೆಗೆ ಒಪ್ಪಿಸಿತು. 1978ರ ವಾರ್ನಾಕ್ ವರದಿ, 1981ರ ಕಾಯ್ದೆ ಹಕ್ಕನ್ನು ಗಟ್ಟಿಗೊಳಿಸಿದವು. 2014ರ ಕಾಯ್ದೆ ಅದನ್ನು 25 ವರ್ಷ ವಯಸ್ಸಿನವರೆಗೂ ಚಾಚಿತು.

ಈ ಇತಿಹಾಸದ ಇನ್ನೊಂದು ಮುಖ ಲೆಕ್ಕಪುಸ್ತಕದಲ್ಲಿದೆ. 2013ರಲ್ಲಿ ವಿಶೇಷ ಶಾಲೆಯ ಒಂದು ಸೀಟಿಗೆ ವರ್ಷಕ್ಕೆ 10,000 ಪೌಂಡ್ ಮೂಲ ಅನುದಾನ ನಿಗದಿಯಾಯಿತು. ಹತ್ತು ವರ್ಷ ಕಳೆದರೂ ಮೊತ್ತ ಅಷ್ಟೇ. ಅದರಾಚೆಯ ಖರ್ಚನ್ನು, ಎಂದರೆ ನಳಿಕೆಯಲ್ಲಿ ಊಟ ಕೊಡುವ, ಮಗುವನ್ನು ಎತ್ತಿ ಕೂರಿಸುವ ಸಹಾಯಕರ ಸಂಬಳದಂಥದ್ದನ್ನು, ಕೌನ್ಸಿಲ್ ಮಗುವಿನ ಅಗತ್ಯ ನೋಡಿ ತುಂಬಬೇಕು. ಕೌನ್ಸಿಲ್‌ಗಳೇ ಕೊರತೆಯಲ್ಲಿವೆ. ಆ ಕೊರತೆಯನ್ನು ಮುಖ್ಯ ಲೆಕ್ಕದಿಂದ ಬೇರೆಯಿಡಲು 2020ರಲ್ಲಿ ಸರ್ಕಾರ ಅವಕಾಶ ಕೊಟ್ಟಿತು. ಅದರಿಂದ ಸಾಲ ತೀರಲಿಲ್ಲ, ಕಣ್ಮರೆಯಾಯಿತಷ್ಟೆ.

ಇದರಿಂದ ನಾನು ಕಲಿತದ್ದು ಇಷ್ಟು: ತೆರೆದ ಬಾಗಿಲನ್ನು ಮತ್ತೆ ಮುಚ್ಚಲು ಹೊಸ ಕಾಯ್ದೆಯೇನೂ ಬೇಡ, ಬೆಲೆ ಏರುವಾಗ ಅನುದಾನ ಏರಿಸದಿದ್ದರೆ ಸಾಕು.

ನಮ್ಮ ನಡುವೆಯೂ ಇಂಥ ಮಕ್ಕಳ ತಂದೆತಾಯಂದಿರಿದ್ದಾರೆ. ಮಗುವಿನ ಅಗತ್ಯಗಳ ಮೌಲ್ಯಮಾಪನವನ್ನು ಕೌನ್ಸಿಲ್‌ನಲ್ಲಿ ನೀವೇ ಕೇಳಬಹುದು. ನಿರಾಕರಿಸಿದರೆ ಟ್ರಿಬ್ಯೂನಲ್‌ಗೆ ಹೋಗಬಹುದು. ದಾಕ್ಷಿಣ್ಯ ಬೇಡ. ಅದು ಯಾರೋ ಕೊಡುವ ದಾನವಲ್ಲ, ಹೋರಾಡಿ ಪಡೆದ ಹಕ್ಕು.