ಪದಗಳ ಪಯಣ 4: ಮಲಯ್‌ನವರ 'ಕರೆನ', ನಮ್ಮ 'ಕಾರಣ'

ಇಂಡೋನೇಷ್ಯಾದವರು 'ಯಾಕಂದ್ರೆ' ಅನ್ನೋಕೆ 'ಕರೆನ' ಅಂತಾರೆ, ಮಲೇಷ್ಯಾದವರು 'ಕೆರಾನ'. ಎರಡರ ಮೂಲವೂ ಸಂಸ್ಕೃತದ 'ಕಾರಣ'! 'ಅಥವಾ' ಅಲ್ಲಿ 'ಅತಾವ್' ಆಗಿದೆ. 'ತಥಾಪಿ' ಹೋಗಿ 'ತೆತಾಪಿ' ಆಗಿದೆ, ಅರ್ಥ 'ಆದರೆ'.

ಅಲ್ಲಿಗೆ ಹೋಗಿದ್ದು ಹೇಗೆ? ಸುಮಾತ್ರಾದ ಶ್ರೀವಿಜಯ ರಾಜ್ಯ ಕಡಲ ವ್ಯಾಪಾರಕ್ಕೂ ಬೌದ್ಧ ವಿದ್ಯೆಗೂ ಕೇಂದ್ರ. ಅಲ್ಲಿನ ಕ್ರಿ.ಶ. 684ರ ತಲಾಂಗ್ ತುವೊ ಶಾಸನದ ಭಾಷೆ ಹಳೆ ಮಲಯ್, ಲಿಪಿ ಪಲ್ಲವ, ಒಳಗೆ ಎಷ್ಟೊಂದು ಸಂಸ್ಕೃತ ಪದಗಳು.

ಹೊಸ ವಸ್ತು ಬಂದ್ರೆ ಅದರ ಹೆಸರೂ ಬರೋದು ಸಹಜ. ಆದ್ರೆ ವಾಕ್ಯ ಜೋಡಿಸೋ ಪದವೇ ಬಂದಿದೆ ಅಂದ್ರೆ ಒಡನಾಟ ಬಹಳ ಆಳದ್ದು.

ಈಗ ಮಜಾ ನೋಡಿ. 'ಕಾರಣ' ಕನ್ನಡಕ್ಕೂ ಸಾಲ ಬಂದ ಪದವೇ. ನಾವು 'ಮಳೆಯ ಕಾರಣ' ಅಂತೀವಿ, ಅವರು 'ಕರೆನ ಹುಜಾನ್' ಅಂತಾರೆ. ಹುಜಾನ್ ಅಂದ್ರೆ ಮಳೆ. ನಮಗೆ ಕಾರಣ ಕೊನೆಗೆ, ಅವರಿಗೆ ಮೊದಲಿಗೆ!

ಸಾಲದ ಪದ ಬಂದ್ರೆ ಭಾಷೆ ಕೆಟ್ಟೋಗಲ್ಲ ಕಣ್ರೋ. ಎಲ್ಲಿ ಕೂರಬೇಕು ಅಂತ ಹೇಳೋದು ಮನೆಯವರೇ.

#ಪದಗಳಪಯಣ #ಕನ್ನಡ