ನಾಸಾಚಿಕಿತ್ಸೆಯ ಪೂರ್ವವೃತ್ತ

ನೆಗಡಿ ಬಂದಿತೆಂದು ಮೂಗು ಕೊಯ್ದುಕೊಳ್ಳುವರೇ ಎಂಬ ಗಾದೆಯನ್ನು ಅರಿಯದವರು ಕನ್ನಡ ನಾಡಿನಲ್ಲಿ ವಿರಳ. ಮೂಗಿಗೆ ಒದಗುವ ಎರಡು ಆಪತ್ತುಗಳು ಆ ಗಾದೆಯಲ್ಲಿ ಒಟ್ಟಿಗೆ ಸೇರಿಕೊಂಡಿವೆ. ಒಂದು ರೋಗ, ಮತ್ತೊಂದು ಶಸ್ತ್ರ. ಎರಡಕ್ಕೂ ನಮ್ಮ ಪೂರ್ವಿಕರು ಪ್ರತೀಕಾರವನ್ನು ಕಂಡುಕೊಂಡಿದ್ದರು. ಆದರೆ ರೋಗದ ಚಿಕಿತ್ಸೆಯು ಗ್ರಂಥಗಳಲ್ಲಿ ನಿಂತು ಪಂಡಿತರ ಬಾಯಿಪಾಠವಾಯಿತು. ಕೊಯ್ದ ಮೂಗನ್ನು ಕೂಡಿಸುವ ವಿದ್ಯೆಯು ಗ್ರಂಥದ ಮನೆಯನ್ನು ಬಿಟ್ಟು ಹೊರಟು, ಪಂಡಿತರಲ್ಲದವರ ಕೈಯಲ್ಲಿ ಬದುಕಿತು. ಈ ಅಗಲಿಕೆಯು ಹೇಗಾಯಿತು, ಅದರಿಂದ ನಾವು ಕಳೆದುಕೊಂಡದ್ದೇನು ಎಂಬುದನ್ನು ವಿಚಾರಿಸುವದಕ್ಕಾಗಿ ಈ ಲೇಖವನ್ನು ಬರೆಯಲಾಗಿದೆ.

ನಮ್ಮ ಸೀಮೆಯ ವಾಚಕರಿಗೆ ಮೂಗಿನ ವ್ಯಾಧಿಯು ದೂರದ ಮಾತಲ್ಲ. ಸಿಂಧನೂರು ತಾಲೂಕಿನ ಮುಕ್ಕುಂದವು ತುಂಗಭದ್ರೆಯ ದಂಡೆಯ ಗ್ರಾಮ. 1953ರಲ್ಲಿ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗೆ ನೀರು ಬಂದ ತರುವಾಯ, ಜೋಳ ಸಜ್ಜೆಗಳನ್ನು ಬೆಳೆಯುತ್ತಿದ್ದ ಈ ಭಾಗದ ಎರೆಯ ಹೊಲಗಳು ನೆಲ್ಲಿನ ಗದ್ದೆಗಳಾದವು. ಸಂಪತ್ತು ಬಂದಿತು, ಅದರೊಡನೆ ಸುಗ್ಗಿಯಲ್ಲಿ ಹೊಟ್ಟಿನ ಧೂಳೂ, ಹುಲ್ಲಿಗಿಟ್ಟ ಬೆಂಕಿಯ ಹೊಗೆಯೂ ಬಂದವು. ಪ್ರತಿಶ್ಯಾಯಕ್ಕೆ, ಅಂದರೆ ನೆಗಡಿಗೆ, ಕಾರಣಗಳನ್ನು ಎಣಿಸುವಾಗ ಸುಶ್ರುತನು ಹೊಗೆ, ಧೂಳು, ಶೀತ, ಅತಿಯಾದ ತಾಪ, ಮಲಮೂತ್ರಗಳ ವೇಗವನ್ನು ತಡೆಯುವದು ಇವುಗಳನ್ನು ಹೇಳಿದ್ದಾನೆ. ರಾಶಿಯ ಕಣದಲ್ಲಿ ನಿಂತು ಸೀನುವ ರೈತನಿಗೆ ಇದರಲ್ಲಿ ಮೊದಲ ಎರಡನ್ನು ಬೇರೆ ಯಾರೂ ಬೋಧಿಸಬೇಕಾಗಿಲ್ಲ. ಆತನ ಮನೆಯ ಹೆಂಗಸರು ಅರಿಷಿಣದ ಕೊಂಬನ್ನು ದೀಪಕ್ಕೆ ಹಿಡಿದು ಅದರ ಹೊಗೆಯನ್ನು ಮೂಗಿಗೆ ತೋರಿಸುವದು ಶಾಸ್ತ್ರದ ಧೂಮಪ್ರಯೋಗಕ್ಕೆ ಹತ್ತಿರದ ನಂಟು.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಮೂಗಿನ ರೋಗಗಳು 31 ಎಂದು ಲೆಕ್ಕವಿದೆ. ವಾಗ್ಭಟನು ಅವನ್ನು 18ಕ್ಕೆ ಇಳಿಸಿದನು. ಪ್ರತಿಶ್ಯಾಯದಲ್ಲಿಯೇ ಐದು ಬಗೆ. ಮೂಗಿನೊಳಗೆ ಬೆಳೆಯುವ ಮಾಂಸಾಂಕುರಗಳಿಗೆ ಅರ್ಶಸ್ಸೆಂದು ಹೆಸರಿಟ್ಟು ನಾಲ್ಕು ಬಗೆ ಮಾಡಿದ್ದಾರೆ. ಈ ಎಣಿಕೆಗಳನ್ನು ಕಂಠಪಾಠ ಮಾಡುವದರಲ್ಲಿ ಪಾಠಶಾಲೆಯ ವಿದ್ಯಾರ್ಥಿಗಳ ಎಷ್ಟೋ ಪ್ರಾತಃಕಾಲಗಳು ಸಂದಿವೆ. ಆದರೆ ಎಣಿಕೆಗಿಂತ ಲಕ್ಷಣಗಳನ್ನು ನೋಡಿದ ಕಣ್ಣು ದೊಡ್ಡದು. ಭ್ರಂಶಥು ಎಂಬ ರೋಗದಲ್ಲಿ, ತಲೆಯಲ್ಲಿ ಮೊದಲೇ ಕೂಡಿಕೊಂಡಿದ್ದ ಗಟ್ಟಿಯಾದ, ಉಪ್ಪುರುಚಿಯ ಕಫವು ತಾಪದಿಂದ ಕರಗಿ ಮೂಗಿನಿಂದ ಜಾರುವದೆಂದು ಹೇಳಿದೆ. ದುಷ್ಟಪ್ರತಿಶ್ಯಾಯದಲ್ಲಿ ಮೂಗು ಒಮ್ಮೆ ಒದ್ದೆ, ಒಮ್ಮೆ ಒಣ; ಒಮ್ಮೆ ಕಟ್ಟುವದು, ಒಮ್ಮೆ ತೆರೆಯುವದು; ಉಸಿರಿಗೆ ದುರ್ಗಂಧ, ಗಂಧದ ಅರಿವು ನಾಶ. ಉಪೇಕ್ಷೆ ಮಾಡಿದರೆ ಕಿವುಡು, ಕುರುಡು, ಘೋರವಾದ ನೇತ್ರರೋಗಗಳು ಬರುವವೆಂದು ಎಚ್ಚರಿಕೆ ಕೊಟ್ಟಿದೆ. ಇಂದಿನ ವೈದ್ಯರು ಬಹುಕಾಲದ ಸೈನಸ್ ಉರಿಯೂತಕ್ಕೆ ಹೇಳುವ ಲಕ್ಷಣಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆಯು ತಾನಾಗಿ ತಿಳಿಯುವದು.

ಆದರೂ ನಿಜವನ್ನು ಮುಚ್ಚಬಾರದು. ಕಫವು ತಲೆಯಲ್ಲಿ ಕೂಡುತ್ತದೆಂದು ಹೇಳಿದವರು ಅದು ಕೂಡುವ ಸ್ಥಳವನ್ನು ಕಂಡಿರಲಿಲ್ಲ. ಕೆನ್ನೆಯ ಎಲುಬಿನೊಳಗಿನ ಪೊಳ್ಳನ್ನು ವಿವರವಾಗಿ ಬರೆದವನು ಇಂಗ್ಲೆಂಡಿನ ವೈದ್ಯನಾದ ನಥಾನಿಯಲ್ ಹೈಮೋರ್. ಅವನ ಗ್ರಂಥವು 1651ರಲ್ಲಿ ಪ್ರಕಟವಾಯಿತು. ನಮ್ಮವರ ನಿದಾನವೆಲ್ಲ ಸ್ರಾವದ ಬಣ್ಣ, ವಾಸನೆ, ಸ್ವರ, ನೋವಿನ ವೇಳೆ ಇವುಗಳ ಮೇಲೆ ನಿಂತದ್ದು. ಚಿಕಿತ್ಸೆಯಲ್ಲಿ ನಸ್ಯಕ್ಕೆ ಅಗ್ರಪೂಜೆ. ಮೂಗು ಶಿರಸ್ಸಿನ ಬಾಗಿಲಾದದ್ದರಿಂದ ಆ ಬಾಗಿಲಿನಿಂದಲೇ ಔಷಧವನ್ನು ಒಳಗೆ ಕಳಿಸಬೇಕೆಂಬುದು ಅವರ ನ್ಯಾಯ. ಪೋರ್ತುಗೀಜರ ಕಾಲದಿಂದ ಹೊಗೆಸೊಪ್ಪು ನಮ್ಮ ದೇಶಕ್ಕೆ ಬಂದ ಮೇಲೆ ಅದರ ಪುಡಿಯು ಈ ಪೂಜ್ಯವಾದ ಹೆಸರನ್ನೇ ಕದ್ದುಕೊಂಡು ನಶ್ಯವಾಯಿತು. ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಶಾಸ್ತ್ರಿಗಳು ತಾವು ಚರಕಮತವನ್ನು ಅನುಸರಿಸುತ್ತಿದ್ದೇವೆಂದು ವಾದಿಸಿದರೆ ಅವರ ಪಾಂಡಿತ್ಯಕ್ಕೆ ನಗಬಹುದೇ ಹೊರತು ಒಪ್ಪಲಾಗದು.

ವೈದ್ಯವು ಸಂಸ್ಕೃತದಲ್ಲಿಯೇ ನಿಲ್ಲದೆ ಕನ್ನಡಕ್ಕೂ ಇಳಿಯಿತು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನ ಕಲ್ಯಾಣಕಾರಕವು ಸಂಸ್ಕೃತ ಗ್ರಂಥ. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ಕರ್ಣಾಟಕ ಕಲ್ಯಾಣಕಾರಕವನ್ನು ಬರೆದನು. ಮದ್ಯಮಾಂಸಗಳನ್ನು ಔಷಧದಿಂದ ತೆಗೆದುಹಾಕಿದ್ದು ಈ ಜೈನ ವೈದ್ಯರ ವಿಶೇಷ. ಔಷಧದ ಕಡೆಗೆ ಹೀಗೆ ಬರಹವು ಬೆಳೆಯುತ್ತ ಹೋಯಿತು. ಶಸ್ತ್ರದ ಕಡೆಗೆ ಏನಾಯಿತೆಂಬುದೇ ಇನ್ನು ಮುಂದಿನ ವಿಷಯ.

ಸುಶ್ರುತನು ಶಿಷ್ಯನ ಕೈಗೆ ಮೊದಲು ರೋಗಿಯನ್ನು ಕೊಡಲಿಲ್ಲ. ಕುಂಬಳಕಾಯಿ ಸೋರೆಕಾಯಿಗಳನ್ನು ಕೊಟ್ಟನು. ಛೇದನವನ್ನು ಅವುಗಳ ಮೇಲೆ, ಹೊಲಿಗೆಯನ್ನು ಬಟ್ಟೆಯ ಮೇಲೆಯೂ ಮೆತ್ತನೆಯ ತೊಗಲಿನ ಮೇಲೆಯೂ ಅಭ್ಯಾಸ ಮಾಡಬೇಕು. ಶವವನ್ನು ಹರಿಯುವ ನೀರಿನಲ್ಲಿ ಏಳು ದಿನ ಇರಿಸಿ, ಮೆಲ್ಲನೆ ಉಜ್ಜಿ, ಒಳಗಿನ ಅಂಗಗಳನ್ನು ಕಣ್ಣಾರೆ ನೋಡಬೇಕು. ಶಾಸ್ತ್ರ ಬಲ್ಲವನಿಗೆ ಕರ್ಮ ತಿಳಿಯದಿದ್ದರೆ, ಕರ್ಮ ಬಲ್ಲವನಿಗೆ ಶಾಸ್ತ್ರ ತಿಳಿಯದಿದ್ದರೆ, ಇಬ್ಬರನ್ನೂ ಆತನು ಒಂದೇ ರೆಕ್ಕೆಯ ಹಕ್ಕಿಗೆ ಹೋಲಿಸಿದನು. ಕೊಯ್ದ ಮೂಗನ್ನು ಕೂಡಿಸುವ ವಿಧಿಯನ್ನೂ ಹೇಳಿದನು: ಮೂಗಿನ ಅಳತೆಗೆ ಒಂದು ಎಲೆಯನ್ನು ತೆಗೆದುಕೊಂಡು, ಆ ಅಳತೆಯಷ್ಟು ಚರ್ಮವನ್ನು ಕೆನ್ನೆಯ ಬದಿಯಿಂದ ಎತ್ತಿ, ಮೂಗಿನ ಮೊಂಡನ್ನು ಕೆರೆದು ಅದಕ್ಕೆ ಕೂಡಿಸಬೇಕು, ಉಸಿರಿಗೆ ಎರಡು ನಾಳಗಳನ್ನಿಡಬೇಕು, ಪತಂಗ, ಜೇಷ್ಠಮಧು, ಅಂಜನಗಳ ಪುಡಿಯನ್ನು ಉದುರಿಸಿ, ಬಿಳಿಯ ಅರಳೆಯಿಂದ ಮುಚ್ಚಿ, ಎಳ್ಳೆಣ್ಣೆಯನ್ನು ಪದೇ ಪದೇ ತಳಿಯಬೇಕು. ಕಿವಿಯನ್ನು ಕಟ್ಟುವ ಪ್ರಸಂಗದಲ್ಲಿ, ಕೆನ್ನೆಯಿಂದ ಎತ್ತುವ ಮಾಂಸವು ತನ್ನ ಮೂಲಕ್ಕೆ ಅಂಟಿಕೊಂಡೇ ಇದ್ದು ಜೀವಂತವಾಗಿರಬೇಕೆಂದೂ ಆತನು ಎಚ್ಚರಿಸಿದ್ದಾನೆ. ರಕ್ತಚಲನೆಯ ಶಾಸ್ತ್ರವು ಹುಟ್ಟುವದಕ್ಕೆ ಎಷ್ಟೋ ಶತಮಾನಗಳ ಮೊದಲೇ ಈ ಮಾತನ್ನು ಹೇಳಿದವನು ಕೇವಲ ಊಹೆಯಿಂದ ಹೇಳಿರಲಾರನು. ಸತ್ತ ಮಾಂಸವು ಕೂಡದೆ ಉದುರಿದ್ದನ್ನು ಕಂಡೇ ಹೇಳಿರಬೇಕು.

ಇಂಥ ವಿದ್ಯೆಗೆ ನಮ್ಮ ದೇಶದಲ್ಲಿ ಕೆಲಸ ಕಡಿಮೆಯಾಗಿರಲಿಲ್ಲ. ಮೂಗು ಮಾನದ ಸ್ಥಾನವಾದ್ದರಿಂದ ಮಾನ ಕಳೆಯಬೇಕೆಂದವರ ಕತ್ತಿಯು ಅಲ್ಲಿಗೇ ಹೋಗುತ್ತಿತ್ತು. 17ನೆಯ ಶತಮಾನದ ನಡುವಿನಲ್ಲಿ ಮೈಸೂರಿನ ದಂಡು ಮಧುರೆಯ ತಿರುಮಲ ನಾಯಕನ ರಾಜ್ಯಕ್ಕೆ ನುಗ್ಗಿ ಸಿಕ್ಕವರ ಮೂಗುಗಳನ್ನು ಕೊಯ್ದಿತು. ಮಧುರೆಯವರು ಬೆನ್ನಟ್ಟಿ ಬಂದು ಅದೇ ಶಿಕ್ಷೆಯನ್ನು ಮೈಸೂರಿನವರಿಗೆ ಮಾಡಿದರು. ತಮಿಳರು ಅದನ್ನು ಮೂಗು ಕೊಯ್ದ ಯುದ್ಧವೆಂದೇ ಕರೆಯುವರು. ನಮ್ಮ ನಾಡಿನ ಕೀರ್ತಿಯನ್ನು ಬರೆಯುವವರು ಈ ಪುಟವನ್ನು ಬೇಗನೆ ತಿರುವಿಬಿಡುವದು ವಾಡಿಕೆ.

ಮೂಗಿನ ಚಿಕಿತ್ಸೆಯನ್ನು ಜಗತ್ತಿಗೆ ಪರಿಚಯ ಮಾಡಿಕೊಟ್ಟ ಪ್ರಸಂಗವೂ ಕರ್ಣಾಟಕದ ನೆಲದಲ್ಲಿಯೇ ಆರಂಭವಾಯಿತು. 1790ರಿಂದ 1792ರ ವರೆಗೆ ಟೀಪೂ ಸುಲ್ತಾನನ ಮೇಲೆ ಇಂಗ್ಲಿಷರೂ ಮರಾಠರೂ ನಿಜಾಮನೂ ಕೂಡಿ ಯುದ್ಧ ಮಾಡಿದರು. ನಮ್ಮ ಸೀಮೆಗೆ ಸಮೀಪದ ಕೊಪ್ಪಳದ ಕೋಟೆಯು ನಿಜಾಮನ ಸೈನ್ಯದ ಮುತ್ತಿಗೆಗೆ ಸಿಕ್ಕಿ 1791ರಲ್ಲಿ ಬಿದ್ದುದು ಈ ಯುದ್ಧದಲ್ಲಿಯೇ. ಆಗಿನ ದಂಡುಗಳು ಎತ್ತುಗಳ ಬೆನ್ನಿನ ಮೇಲೆ ನಡೆಯುತ್ತಿದ್ದವು. ಕಾಳು ಹೇರಿದ ಲಮಾಣಿಗಳ ಎತ್ತಿನ ಹಿಂಡುಗಳು ಬಾರದಿದ್ದರೆ ಕಾರ್ನ್‌ವಾಲಿಸನ ಸೈನಿಕರು ಉಪವಾಸ ಬೀಳುತ್ತಿದ್ದರು. ಹೀಗೆ ಇಂಗ್ಲಿಷ್ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸಜಿ ಎಂಬ ಮರಾಠಾ ಒಕ್ಕಲಿಗನು ಟೀಪುವಿನವರ ಕೈಗೆ ಸೆರೆಸಿಕ್ಕನು. ಅವನ ಮೂಗನ್ನೂ ಒಂದು ಕೈಯನ್ನೂ ಕಡಿದುಬಿಟ್ಟರು. ಈ ವೃತ್ತಾಂತವು ಶತ್ರುಪಕ್ಷದವರ ಬರಹದಿಂದ ಬಂದದ್ದೆಂಬುದನ್ನು ವಾಚಕರು ಮರೆಯಬಾರದು. ಆದರೆ ಮೂಗು ಹೋದದ್ದು ಮಾತ್ರ ಸುಳ್ಳಲ್ಲ. ಆತನು ಶ್ರೀರಂಗಪಟ್ಟಣದ ಬಳಿಯಲ್ಲಿದ್ದ ಮುಂಬಯಿಯ ಸೈನ್ಯವನ್ನು ಸೇರಿ, ಮುಂದೆ ಕಂಪನಿಯ ಪಿಂಚಣಿಯಿಂದ ಜೀವಿಸಿದನು.

ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದ ಮೇಲೆ, ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಅವನಿಗೆ ಹೊಸ ಮೂಗನ್ನು ಕೂಡಿಸಿದನು. ತಾಮಸ್ ಕ್ರೂಸೋ ಮೊದಲಾದ ಇಂಗ್ಲಿಷ್ ಶಸ್ತ್ರವೈದ್ಯರು ಈ ಕ್ರಿಯೆಯನ್ನು ಕಣ್ಣಾರೆ ನೋಡಿದರು. ಜೇಮ್ಸ್ ವೇಲ್ಸ್ ಎಂಬ ಚಿತ್ರಗಾರನು ಕಾವಸಜಿಯ ಚಿತ್ರವನ್ನು ಬರೆದನು. 1794ರ ಅಕ್ಟೋಬರದಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಎಂಬ ಮಾಸಪತ್ರಿಕೆಯಲ್ಲಿ ಚಿತ್ರಸಮೇತವಾಗಿ ಈ ಸಂಗತಿಯು ಅಚ್ಚಾಯಿತು.

ಕ್ರಿಯೆಯ ಕ್ರಮವು ಹೀಗಿತ್ತು. ತೆಳ್ಳಗಿನ ಮೇಣದ ಹಾಳೆಯನ್ನು ಮೂಗಿನ ಮೊಂಡಿಗೆ ಒತ್ತಿ ಹೊಸ ಮೂಗಿನ ಆಕಾರವನ್ನು ಮಾಡಿದನು. ಅದನ್ನು ಬಿಚ್ಚಿ ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ ಸುತ್ತಲೂ ಗೆರೆ ಎಳೆದನು. ಗೆರೆಯೊಳಗಿನ ಚರ್ಮವನ್ನು ಬಿಡಿಸುವಾಗ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಎಳೆಯನ್ನು ಮಾತ್ರ ಕತ್ತರಿಸದೆ ಬಿಟ್ಟನು; ಹೊಸ ಚರ್ಮವು ಬೇರೂರುವ ವರೆಗೆ ಅದಕ್ಕೆ ರಕ್ತ ಬರುವ ದಾರಿಯು ಅದೊಂದೇ. ಮೊಂಡಿನ ಹಳೆಯ ಕಲೆಯನ್ನು ಹೆರೆದು, ಮೂಗಿನ ಎರಡು ಬದಿಗೂ ಮೇಲ್ದುಟಿಯ ಮೇಲೂ ಗೀರು ಮಾಡಿ, ಹಣೆಯ ಚರ್ಮವನ್ನು ಅರೆಸುತ್ತು ತಿರುಗಿಸಿ ಕೆಳಗಿಳಿಸಿ, ಅದರ ಅಂಚನ್ನು ಆ ಗೀರಿನೊಳಗೆ ಸೇರಿಸಿದನು. ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಯ ಪಟ್ಟಿಗಳಿಗೆ ಹಚ್ಚಿ, ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಹಾಕಿದನು. ನಾಲ್ಕು ದಿನ ಅದನ್ನು ಮುಟ್ಟಲಿಲ್ಲ. ಆ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ರೋಗಿಯು ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೆಯ ದಿನಕ್ಕೆ ಹೊಳ್ಳೆಗಳು ಮುಚ್ಚದಂತೆ ಮೆತ್ತನೆಯ ಬಟ್ಟೆಯ ತುಂಡುಗಳು. ಇಪ್ಪತ್ತೈದನೆಯ ದಿನದ ಸುಮಾರಿಗೆ ಕಣ್ಣುಗಳ ನಡುವಣ ಎಳೆಯನ್ನು ಕತ್ತರಿಸಿದರೆ ಮುಗಿಯಿತು.

ಈ ವಿವರವನ್ನು ಸುಶ್ರುತನ ವಿಧಿಯೊಡನೆ ಹೋಲಿಸುವವರು ಸಾಮಾನ್ಯವಾಗಿ ಸಂತೋಷಪಟ್ಟು, ನೋಡಿರಿ, ನಮ್ಮ ಶಾಸ್ತ್ರವು ಅವಿಚ್ಛಿನ್ನವಾಗಿ ಉಳಿದಿತ್ತು ಎನ್ನುವರು. ನನಗೆ ಹೋಲಿಕೆಗಿಂತ ಭೇದವೇ ಹೆಚ್ಚು ಪ್ರಮಾಣವಾಗಿ ಕಾಣುತ್ತದೆ. ಅಲ್ಲಿ ಎಲೆ, ಇಲ್ಲಿ ಮೇಣ; ಅಲ್ಲಿ ನಾಳ, ಇಲ್ಲಿ ಬಟ್ಟೆ; ಅಲ್ಲಿ ಎಳ್ಳೆಣ್ಣೆ, ಇಲ್ಲಿ ತುಪ್ಪ. ಇವೆಲ್ಲ ಚಿಕ್ಕವು. ಆದರೆ ಅಲ್ಲಿ ಕೆನ್ನೆ, ಇಲ್ಲಿ ಹಣೆ. ಹಣೆಯ ಚರ್ಮವು ಮೂಗಿಗೆ ಬಣ್ಣದಲ್ಲಿಯೂ ದಪ್ಪದಲ್ಲಿಯೂ ಚೆನ್ನಾಗಿ ಹೊಂದುವದು. ರಕ್ತನಾಳವೂ ಹುಬ್ಬಿನ ಬದಿಯಿಂದ ಸುಲಭವಾಗಿ ಬರುವದು. ಇದನ್ನು ಗ್ರಂಥದಿಂದ ಕಲಿಯುವಂತಿರಲಿಲ್ಲ, ಏಕೆಂದರೆ ಗ್ರಂಥದಲ್ಲಿ ಅದಿಲ್ಲ. ತಲೆಮಾರುಗಳಿಂದ ಕೆಲಸ ಮಾಡಿದ ಕೈಗಳು ಸೋತು ಗೆದ್ದು ತಿದ್ದಿಕೊಂಡ ವಿದ್ಯೆ ಇದು. ಶಾಸ್ತ್ರವು ನಿಂತಲ್ಲಿಯೇ ನಿಂತಿತು. ಕೈ ಮುಂದೆ ನಡೆಯಿತು.

ಪಂಡಿತರು ಶಸ್ತ್ರವನ್ನು ಕೆಳಗಿಟ್ಟದ್ದೇಕೆ? ಮನುಸ್ಮೃತಿಯು ಚಿಕಿತ್ಸಕನನ್ನು ಶ್ರಾದ್ಧದ ಪಂಕ್ತಿಯಿಂದ ಹೊರಗಿಟ್ಟಿತು. ಶವವನ್ನು ಮುಟ್ಟಿದವನಿಗೆ ಮೈಲಿಗೆ, ರಕ್ತವನ್ನು ಮುಟ್ಟಿದವನಿಗೆ ಸ್ನಾನ. ಶುದ್ಧಿಯ ಆಸೆಯಿಂದ ವೈದ್ಯನು ಕಷಾಯಕ್ಕೂ ನಾಡಿಗೂ ಸರಿದುಕೊಂಡನೆಂದು ನಾನು ತಿಳಿಯುತ್ತೇನೆ. ಅತ್ತ ಶಸ್ತ್ರವಿದ್ಯೆಯು ಮನೆತನದ ಗುಟ್ಟಾಗಿ, ತಂದೆಯಿಂದ ಮಗನಿಗೆ ಬಂದು, ಬರಹವನ್ನು ಕಾಣಲಿಲ್ಲ. ಕಾಂಗಡಾದಲ್ಲಿಯೂ ಮೂಗು ಕೂಡಿಸುವ ಮನೆತನಗಳಿದ್ದವು. ಕಾವಸಜಿಯ ಪ್ರಸಂಗದಲ್ಲಿ ರೋಗಿಯ ಹೆಸರು ಉಳಿದಿದೆ, ನೋಡಿದವರ ಹೆಸರು ಉಳಿದಿದೆ, ಚಿತ್ರಗಾರನ ಹೆಸರೂ ಉಳಿದಿದೆ. ಮೂಗನ್ನು ಕಟ್ಟಿದವನ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ಅವನ ಜಾತಿಯನ್ನು ಮಾತ್ರ ಬರೆದರು.

ಆ ಮಾಸಪತ್ರಿಕೆಯ ಎರಡು ಪುಟಗಳು ಮಾಡಿದ ಕೆಲಸವು ಸಾಮಾನ್ಯವಲ್ಲ. ಲಂಡನ್ನಿನ ಶಸ್ತ್ರವೈದ್ಯನಾದ ಕಾರ್ಪ್ಯೂ ಎಂಬವನು 1814ರಲ್ಲಿ ಇದೇ ಕ್ರಮದಿಂದ ಒಬ್ಬ ಸೈನ್ಯಾಧಿಕಾರಿಗೆ ಮೂಗನ್ನು ಕಟ್ಟಿ, 1816ರಲ್ಲಿ ಪುಸ್ತಕ ಬರೆದನು. ಅದಕ್ಕೂ ಮೊದಲು ಇಟಲಿಯ ಟ್ಯಾಲಿಯಕೋಜಿಯು 1597ರಲ್ಲಿ ತೋಳಿನ ಚರ್ಮದಿಂದ ಮೂಗು ಮಾಡುವ ಕ್ರಮವನ್ನು ಪ್ರಕಟಿಸಿದ್ದನಾದರೂ ರೋಗಿಯು ವಾರಗಟ್ಟಲೆ ತೋಳನ್ನು ಮುಖಕ್ಕೆ ಕಟ್ಟಿಕೊಂಡಿರಬೇಕಾದ ಆ ಯಾತನೆಯ ಕ್ರಮವು ಮರೆತುಹೋಗಿತ್ತು. ನಮ್ಮಲ್ಲಿ ಶಾಸ್ತ್ರವೂ ಶಸ್ತ್ರವೂ ಮತ್ತೆ ಒಂದೇ ಕೈಯಲ್ಲಿ ಕೂಡಿದ್ದಕ್ಕೆ ಒಂದು ಉದಾಹರಣೆಯನ್ನು ಹೇಳಲೇಬೇಕು. ಕಲಕತ್ತೆಯ ಪಂಡಿತ ಮಧುಸೂದನ ಗುಪ್ತನು ಸುಶ್ರುತಸಂಹಿತೆಯನ್ನು ಅಚ್ಚಿಗೆ ಸಿದ್ಧಪಡಿಸಿದವನು. 1836ರಲ್ಲಿ ಅಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಶವಚ್ಛೇದನಕ್ಕೆ ಕೈಹಾಕಿದವನೂ ಅವನೇ. ಸಂಪ್ರದಾಯಸ್ಥರು ಆಕ್ಷೇಪಿಸಿದರು. ಆದರೆ ಗ್ರಂಥವು ಹೇಳಿದ್ದನ್ನು ಆತನು ಮಾಡಿದ್ದನೇ ಹೊರತು ಹೊಸದನ್ನೇನೂ ಮಾಡಿರಲಿಲ್ಲ.

ಮುಂದಿನ ಕಥೆಯು ವೇಗವಾದದ್ದು. 1893ರಲ್ಲಿ ಕಾಲ್ಡ್‌ವೆಲ್, 1897ರಲ್ಲಿ ಲ್ಯೂಕ್, ಮೇಲ್ದುಟಿಯ ಒಳಗಿನಿಂದ ಕೆನ್ನೆಯ ಪೊಳ್ಳನ್ನು ತೆರೆದು ಕೀವನ್ನು ತೆಗೆಯುವ ದಾರಿಯನ್ನು ತೋರಿಸಿದರು. 1895ರಲ್ಲಿ ಕ್ಷಕಿರಣ, 1928ರಲ್ಲಿ ಪೆನಿಸಿಲಿನ್. ದೀಪವುಳ್ಳ ಕೊಳವೆಯನ್ನು ಮೂಗಿನಲ್ಲಿಟ್ಟು ಪೊಳ್ಳುಗಳ ಬಾಯಿಗಳನ್ನು ನೋಡುವ ಎಂಡೋಸ್ಕೋಪಿಯನ್ನು ಆಸ್ಟ್ರಿಯಾದ ಮೆಸರ್‌ಕ್ಲಿಂಗರನು ಶಾಸ್ತ್ರವಾಗಿ ಬೆಳೆಸಿದನು. ಕಫವು ಕೂಡುವ ಸ್ಥಳವು ಕೊನೆಗೂ ಕಣ್ಣಿಗೆ ಬಿದ್ದಿತು.

2021ರ ಬೇಸಗೆಯಲ್ಲಿ ಕೋವಿಡ್ ರೋಗದ ಎರಡನೆಯ ಅಲೆಯ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರವು ಈ ಸ್ಥಳಗಳ ಹೆಸರನ್ನು ಹಳ್ಳಿಹಳ್ಳಿಗೆ ಕಲಿಸಿತು. ಮಣ್ಣಿನಲ್ಲಿಯೂ ಕೊಳೆತ ಎಲೆಯಲ್ಲಿಯೂ ಇರುವ ಬೂಷ್ಟು, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರ ಮತ್ತು ಸ್ಟಿರಾಯ್ಡ್ ಔಷಧವನ್ನು ಹೆಚ್ಚಾಗಿ ತೆಗೆದುಕೊಂಡವರ ಮೂಗನ್ನು ಹೊಕ್ಕು, ಸೈನಸ್ಸಿಗೂ ಅಲ್ಲಿಂದ ತೆಳ್ಳಗಿನ ಎಲುಬನ್ನು ದಾಟಿ ಕಣ್ಣಿಗೂ ಹರಡಿತು. ಉಪೇಕ್ಷಿಸಿದ ನಾಸಾರೋಗವು ಕಣ್ಣನ್ನು ಕಳೆಯುವದೆಂಬ ಹಳೆಯ ಎಚ್ಚರಿಕೆಯು ಬೇರೊಂದು ರೋಗದಲ್ಲಿ ನಿಜವಾಯಿತು. ಕರ್ಣಾಟಕ ಸರಕಾರವು ಆ ವರ್ಷದ ಮೇ ತಿಂಗಳಲ್ಲಿ, ಈ ರೋಗ ಕಂಡಲ್ಲಿ ತಿಳಿಸಲೇಬೇಕೆಂದು ಆಜ್ಞೆ ಮಾಡಿತು. ಎಂಡೋಸ್ಕೋಪಿನಿಂದ ಕಪ್ಪಾದ ಭಾಗವನ್ನು ನೋಡಿ, ಅದರ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಸತ್ತ ಮಾಂಸವನ್ನೂ ಎಲುಬನ್ನೂ ಕಡಿದು ತೆಗೆದು, ಆಂಫೊಟೆರಿಸಿನ್ ಔಷಧವನ್ನು ಕೊಟ್ಟು ಅನೇಕರನ್ನು ಉಳಿಸಿದರು. ಉಳಿದವರಲ್ಲಿ ಕೆಲವರಿಗೆ ಕಣ್ಣು ಹೋಗಿತ್ತು, ಕೆಲವರಿಗೆ ಅಂಗುಳು ಹೋಗಿತ್ತು.

ಅರ್ಬುದದಿಂದಾಗಲಿ ಅಪಘಾತದಿಂದಾಗಲಿ ಮೂಗಿನ ಹೊರಭಾಗವೇ ಹೋದವರಿಗೆ ಇಂದಿನ ಶಸ್ತ್ರವೈದ್ಯರು ಹಣೆಯ ಚರ್ಮವನ್ನೇ ಇಳಿಸಿ ಮೂಗನ್ನು ಕಟ್ಟುವರು. ಅರಿವಳಿಕೆ ಬಂದಿದೆ, ಹೊಲಿಗೆಯ ದಾರ ಕೂದಲಿಗಿಂತ ಸಣ್ಣದಾಗಿದೆ, ಮೇಣದ ಬದಲು ತೆಳುವಾದ ತಗಡಿನ ಹಾಳೆಯಿಂದ ಅಳತೆ ತೆಗೆಯುವದುಂಟು. ಹುಬ್ಬಿನ ಬಳಿ ಬಿಟ್ಟ ಎಳೆಯನ್ನು ಸಾಮಾನ್ಯವಾಗಿ ಮೂರು ವಾರ ಕಳೆದ ಮೇಲೆ ಕತ್ತರಿಸುವರು.